ನಿಂಬೆಹಣ್ಣಿನಿಂದ 'ರಕ್ತ' ಬರುವುದು ಹೇಗೆ? ಮಾಟ ಕಲಿಯಬೇಕೆಂದಿರುವ ಹೊಸಬರಿಗೆ

ಅಮಾವಾಸ್ಯೆ ಹತ್ತಿರ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೊ ತಿರುಗತೊಡಗುತ್ತದೆ. ಒಬ್ಬಾತ ನಿಂಬೆಹಣ್ಣು ಕೊಯ್ಯುತ್ತಾನೆ, ಕೆಂಪು ರಸ ಒಸರುತ್ತದೆ, "ನಿಮ್ಮ ಮನಿಗೆ ಯಾರೋ ಮಾಡಿಸ್ಯಾರ" ಎನ್ನುತ್ತಾನೆ. ಹುನಗುಂದ ಭಾಗದ ರಾಮಥಾಳ ಈಗ ಹನಿ ನೀರಾವರಿ ಯೋಜನೆಯಿಂದ ಹೆಸರಾಗಿದೆ. ಆದರೂ ಹೊಲದ ಬದುವಿನಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಕಂಡರೆ ದಾಟಲು ಹಿಂಜರಿಯುವವರು ಎಲ್ಲ ಊರುಗಳಲ್ಲೂ ಇದ್ದಾರೆ.

ಈ ವಿದ್ಯೆ ಕಲಿಯುವ ಆಸೆ ನಿಮಗಿದ್ದರೆ ನಾವು ಬೇಡ ಎನ್ನುವುದಿಲ್ಲ. ಗುರುದಕ್ಷಿಣೆ ಬೇಕಿಲ್ಲ, ಅಮಾವಾಸ್ಯೆಗೆ ಕಾಯಬೇಕಿಲ್ಲ, ಒಂದೇ ದಿನದಲ್ಲಿ ಎಲ್ಲ ಬರಬೇಕೆಂದೂ ಇಲ್ಲ.

ಮೊದಲ ಪಾಠ ನಿಮ್ಮ ಮನೆಯಲ್ಲೇ ಇದೆ. ಆರತಿಗೆ ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿ ಓಕುಳಿ ಮಾಡುತ್ತಾರಲ್ಲ, ಅದೇ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣ ಕ್ಷಾರ ಸೇರಿದರೆ ಕೆಂಪಾಗುತ್ತದೆ. ಅದಕ್ಕೆ ನಿಂಬೆರಸ ಹಿಂಡುತ್ತಾ ಹೋಗಿ, ಮತ್ತೆ ಹಳದಿಗೆ ತಿರುಗುತ್ತದೆ. ಅಜ್ಜಿಗೆ ಇದರ ಅರ್ಧ ಗೊತ್ತೇ ಇರುತ್ತದೆ!

ಇದು ಕೈಗೆ ಹತ್ತಿದ ಮೇಲೆ ನಿಂಬೆಹಣ್ಣಿಗೆ ಬನ್ನಿ. ಕಡುಗೆಂಪು ದಾಸವಾಳದ ಎಸಳುಗಳನ್ನು ಚಾಕುವಿನ ಅಲಗಿಗೆ ಚೆನ್ನಾಗಿ ತಿಕ್ಕಿ ಒಣಗಲು ಬಿಡಿ. ಆ ಚಾಕುವಿನಿಂದ ನಿಂಬೆಹಣ್ಣು ಕೊಯ್ದರೆ ರಸ ಕೆಂಪಾಗಿ ಕಾಣುತ್ತದೆ. ಹೂವಿನಲ್ಲಿರುವ ಆಂಥೋಸಯಾನಿನ್ ಎಂಬ ಬಣ್ಣ ಹುಳಿ ತಗುಲಿದರೆ ಎದ್ದು ಕಾಣುವ ಕೆಂಪಾಗುತ್ತದೆ, ಅಷ್ಟೇ. ಮೊದಲ ಸಲ ಸರಿಯಾಗಿ ಬರದೇ ಇರಬಹುದು. ಎಸಳಿನ ಬಣ್ಣ ತಿಳಿಯಾಗಿದ್ದರೆ ರಸ ಬರೀ ಗುಲಾಬಿಯಾಗುತ್ತದೆ, ಅಲಗು ಹಸಿಯಾಗಿದ್ದರೆ ನೋಡುವವರಿಗೆ ಗುಟ್ಟು ಮೊದಲೇ ತಿಳಿಯುತ್ತದೆ. ನಾಲ್ಕು ಹಣ್ಣು ಹಾಳಾದರೂ ಪರವಾಗಿಲ್ಲ.

'ಮಂತ್ರದಿಂದ ಬೆಂಕಿ' ಮಾತ್ರ ಸದ್ಯ ಓದಿ ತಿಳಿದರೆ ಸಾಕು, ಮನೆಯಲ್ಲಿ ಮಾಡಬೇಡಿ. ಪೊಟ್ಯಾಸಿಯಂ ಪರ್ಮಾಂಗನೇಟ್ ಪುಡಿಗೆ ಗ್ಲಿಸರಿನ್ ಬಿದ್ದರೆ ತುಸು ಹೊತ್ತಿನ ನಂತರ ತಾನಾಗಿಯೇ ಉರಿ ಏಳುತ್ತದೆ. ಆ ಸ್ವಲ್ಪ ಹೊತ್ತು ತುಂಬಲಿಕ್ಕೇ ಮಂತ್ರ.

ಇಂಥದ್ದನ್ನು ಜನರ ಮುಂದೆಯೇ ಬಿಚ್ಚಿಡುವ ಪರಂಪರೆ ನಮ್ಮಲ್ಲಿದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದ್ದರು. ಹುಲಿಕಲ್ ನಟರಾಜ್ ಅವರ ಪವಾಡ ಬಯಲು ಕಾರ್ಯಕ್ರಮವನ್ನು ನೀವು ನೋಡಿರಲೂಬಹುದು.

ರೀಲ್ಸ್‌ನಲ್ಲಿ ಬರುವ 'ವಿಕ್ಕಾ' ಬೇರೆಯೇ ವಿಷಯ. ಬ್ರಿಟನ್ನಿನಲ್ಲಿ ಮಾಟಗಾರಿಕೆ ಕಾನೂನು 1951ರಲ್ಲಿ ರದ್ದಾಯಿತು. ಅದಾದ ಮೇಲೆ 1954ರಲ್ಲಿ ಜೆರಾಲ್ಡ್ ಗಾರ್ಡ್ನರ್ ಬರೆದ ಪುಸ್ತಕದಿಂದ ಹೆಚ್ಚು ಪ್ರಚಾರಕ್ಕೆ ಬಂದ ಹೊಸ ಧರ್ಮ ಅದು. ನಿಸರ್ಗ, ಋತುಗಳ ಆರಾಧನೆ ಅದರ ಮುಖ್ಯ ಭಾಗ. ಅದರ ಬಗ್ಗೆ ಓದುವುದಕ್ಕೂ ಅವಸರವಿಲ್ಲ, ಆದರೆ 'ಏಳು ದಿನದಲ್ಲಿ ವಶೀಕರಣ' ಎಂದು ಹಣ ಕೇಳುವವರಿಂದ ದೂರವಿರಿ.

ಚಾಕುವಿನ ಗುಟ್ಟು ತಿಳಿಯಿತೆಂದು ಹೆದರಿದವರನ್ನು ನೋಡಿ ನಗಬೇಡಿ. ಕಲಬುರಗಿ, ಬೀದರ್ ಕಡೆ ಭಾನಾಮತಿ ಎಂದು ಕರೆಯುವ ಸ್ಥಿತಿಯಲ್ಲಿ ಹೆಣ್ಣುಮಕ್ಕಳು ಚೀರುವುದು, ಮೈಮರೆಯುವುದು ನಾಟಕವೇ ಆಗಿರಬೇಕಿಲ್ಲ. ಅದರ ಹಿಂದೆ ತೀವ್ರವಾದ ಮಾನಸಿಕ ಒತ್ತಡ ಇರಬಹುದು. ಮಾಟ ಸುಳ್ಳು, ಸಂಕಟ ನಿಜ. ಇಂಥವರಿಗೆ ಬೇಕಾದದ್ದು ಡಾಕ್ಟರು. ಮಾಟ ಮಾಡಿದವಳೆಂದು ಪಕ್ಕದ ಮನೆಯಾಕೆಯ ಹೆಸರು ಹೇಳಿಬಿಟ್ಟರಂತೂ ಊರಲ್ಲಿ ಆಕೆಯ ಬದುಕೇ ಕಷ್ಟವಾಗುತ್ತದೆ.

ಕರ್ನಾಟಕದಲ್ಲಿ 2017ರ ವಾಮಾಚಾರ ತಡೆ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಭಾನಾಮತಿ, ಮಾಟದ ಹೆಸರಲ್ಲಿ ಹಿಂಸಿಸುವುದು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು ಅಪರಾಧ. 1ರಿಂದ 7 ವರ್ಷ ಜೈಲು, ₹5,000ದಿಂದ ₹50,000ದವರೆಗೆ ದಂಡ ಇದೆ. ತುರ್ತು ಇದ್ದರೆ ಪೊಲೀಸರಿಗೆ 112, ಮನಸ್ಸಿನ ತೊಂದರೆಗೆ ಉಚಿತ ಟೆಲಿ-ಮನಸ್ 14416. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.