ರಮಝಾನ್‌ಗೆ ಮುನ್ನ ವೈದ್ಯರಿಗೊಂದು ವೀಡಿಯೊ ಕರೆ

ನಮ್ಮ ಪ್ರತಿಯೊಂದು ಜಮಾಅತ್‌ನಲ್ಲೂ ಅಂತಹ ತಾಯಂದಿರಿದ್ದಾರೆ. ಹತ್ತಾರು ವರ್ಷಗಳಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಒಂದು. ರಮಝಾನ್ ಬಂದರೆ ಉಪವಾಸ ಬಿಡಲು ಮನಸ್ಸು ಒಪ್ಪುವುದಿಲ್ಲ. ಹಾಗಾದರೆ ಬೆಳಗಿನ ಮಾತ್ರೆಯನ್ನು ಏನು ಮಾಡುವುದು? ಕೆಲವರು ಅದನ್ನು ಸಹ್ರಿಗೆ ನುಂಗುತ್ತಾರೆ. ಕೆಲವರು ಇಡೀ ತಿಂಗಳು ಬಿಟ್ಟೇಬಿಡುತ್ತಾರೆ. ಇನ್ನು ಕೆಲವರು ಇಫ್ತಾರ್ ಬಳಿಕ ಎರಡನ್ನೂ ಒಟ್ಟಿಗೆ ಸೇವಿಸುತ್ತಾರೆ. ವೈದ್ಯರನ್ನು ಕೇಳಿದಿರಾ ಎಂದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ಅಷ್ಟು ದೂರ ಯಾರು ಕರೆದುಕೊಂಡು ಹೋಗುತ್ತಾರೆ? ಮಗ ಗಲ್ಫ್‌ನಲ್ಲಿದ್ದಾನೆ, ಸೊಸೆಗೆ ಚಿಕ್ಕ ಮಕ್ಕಳು. ರಮಝಾನ್ ಮುಗಿಯಲಿ, ನೋಡೋಣ."

ಈ "ನೋಡೋಣ" ಎಂಬ ಮಾತೇ ಅನೇಕ ಮನೆಗಳಲ್ಲಿ ಕಾಯಿಲೆಯನ್ನು ಬೆಳೆಸುತ್ತದೆ. ವೀಡಿಯೊ ಕರೆಯ ಮೂಲಕ ವೈದ್ಯರನ್ನು ಕಾಣುವುದರ ಅತಿ ದೊಡ್ಡ ಪ್ರಯೋಜನವೆಂದರೆ ಈ ಮುಂದೂಡಿಕೆ ತಪ್ಪುವುದು. ಬಸ್ಸಿನ ಖರ್ಚು, ಒಂದು ದಿನದ ಸಂಬಳ, ಮಂಡಿನೋವಿನ ಪ್ರಯಾಣ, ಆಸ್ಪತ್ರೆಯ ಸಾಲು ಇವೆಲ್ಲ ಉಳಿಯುವುದು ನಿಜ. ಆದರೆ ಕೇಳಬೇಕಾದ ಪ್ರಶ್ನೆಯನ್ನು ಕೇಳಬೇಕಾದ ಸಮಯದಲ್ಲೇ ಕೇಳಲು ಸಾಧ್ಯವಾಗುವುದು ಅದಕ್ಕಿಂತ ದೊಡ್ಡ ಲಾಭ.

ಸಮಯ ಏಕೆ ಮುಖ್ಯ?

ಗ್ಲಿಮೆಪಿರೈಡ್‌ನಂತಹ ಮಾತ್ರೆಗಳು ಮತ್ತು ಇನ್ಸುಲಿನ್, ಹೊಟ್ಟೆಗೆ ಆಹಾರ ಬೀಳದಿದ್ದರೂ ರಕ್ತದಲ್ಲಿನ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಉಪವಾಸದ ದಿನ ಅಸ್ರ್ ವೇಳೆಗೆ ಬೆವರು, ನಡುಕ, ಮಂಕು ಕವಿಯುವುದು ಇದರ ಲಕ್ಷಣಗಳು. "ಉಪವಾಸದ ಆಯಾಸ" ಎಂದು ಸುಮ್ಮನಿದ್ದರೆ ಪ್ರಜ್ಞೆ ತಪ್ಪಬಹುದು. ಮಾತ್ರೆಯನ್ನೇ ಬಿಟ್ಟವರಲ್ಲಿ ಸಕ್ಕರೆ ವಿಪರೀತ ಏರಿ, ನಿರ್ಜಲೀಕರಣವಾಗುವ ಅಪಾಯವಿದೆ. ಆದ್ದರಿಂದಲೇ ಮಧುಮೇಹ ತಜ್ಞರು ರಮಝಾನ್‌ಗೆ ಆರರಿಂದ ಎಂಟು ವಾರ ಮೊದಲೇ ವೈದ್ಯರನ್ನು ಕಾಣಬೇಕೆನ್ನುತ್ತಾರೆ. ಯಾವ ಮಾತ್ರೆ ಸಹ್ರಿಗೆ, ಯಾವುದು ಇಫ್ತಾರ್‌ಗೆ, ಯಾವುದರ ಪ್ರಮಾಣ ಕಡಿಮೆಯಾಗಬೇಕು ಎಂದು ಅವರು ನಿರ್ಧರಿಸುತ್ತಾರೆ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಮುರಿಯಬೇಕೆಂಬುದು ತಜ್ಞರ ಸಲಹೆ. ಕೆಲವರಿಗೆ ಉಪವಾಸವೇ ಬೇಡ ಎನ್ನಬಹುದು. ರೋಗಿಗೆ ಕುರ್‌ಆನ್‌ನಲ್ಲೇ ವಿನಾಯಿತಿಯಿರುವಾಗ ಆ ಮಾತನ್ನು ಕೇಳಲು ಅಂಜಬೇಕಾಗಿಲ್ಲ.

ಈ ಮಾತುಕತೆಯ ಹೆಚ್ಚಿನ ಭಾಗ ವೀಡಿಯೊ ಕರೆಯಲ್ಲೇ ಆಗಬಲ್ಲದು. ವೈದ್ಯರಿಗೆ ಬೇಕಾದುದು ಸಕ್ಕರೆಯ ಲೆಕ್ಕ, ಮಾತ್ರೆಗಳ ಹೆಸರು ಮತ್ತು ರೋಗಿಯ ದಿನಚರಿ. ಪಾದದ ಊತವನ್ನೂ ಗಾಯವನ್ನೂ ಅವರು ಪರದೆಯ ಮೇಲೆ ನೋಡಬಹುದು. ಉಪವಾಸದ ನಡುವೆ ತೊಂದರೆ ಕಂಡರೆ ಮರುದಿನವೇ ಮತ್ತೆ ಕೇಳಬಹುದು. ದುಬೈಯಲ್ಲಿರುವ ಮಗನೂ ಅದೇ ಕರೆಗೆ ಸೇರಿಕೊಂಡು ತಾಯಿಯ ಸ್ಥಿತಿಯನ್ನು ವೈದ್ಯರ ಬಾಯಿಯಿಂದಲೇ ತಿಳಿಯಬಹುದು.

ಇದು ಅಧಿಕೃತವೇ?

ಹೌದು. 2020ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಟಿಸಿದೆ. ನೋಂದಾಯಿತ ವೈದ್ಯರು ಮಾತ್ರ ಹೀಗೆ ಚಿಕಿತ್ಸೆ ನೀಡಬಹುದು. ಔಷಧ ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇರಬೇಕು. ಅದೇ ಕಾಯಿಲೆಗಾಗಿ ಆರು ತಿಂಗಳೊಳಗೆ ನೇರವಾಗಿ ನೋಡಿದ ವೈದ್ಯರಾದರೆ ಔಷಧಿಯನ್ನು ಮುಂದುವರಿಸುವುದು ಸುಲಭ. ಮೊದಲ ಬಾರಿಯ ಭೇಟಿಯಲ್ಲಿ ಬರೆಯಬಹುದಾದ ಔಷಧಿಗಳಿಗೆ ಮಿತಿಯಿದೆ. ನೇರವಾಗಿ ಬಂದು ತೋರಿಸುತ್ತೇನೆ ಎನ್ನುವ ಹಕ್ಕು ರೋಗಿಗೆ ಯಾವಾಗಲೂ ಇದೆ. ಆದ್ದರಿಂದ ಪರಿಚಿತ ವೈದ್ಯರಲ್ಲೇ ಮೊದಲು ವಿಚಾರಿಸಿ.

ಖಾಸಗಿ ವೈದ್ಯರ ಶುಲ್ಕ ಭರಿಸಲಾಗದವರಿಗೆ ಸರಕಾರದ ಇ-ಸಂಜೀವಿನಿ ಸೇವೆ ಉಚಿತವಾಗಿದೆ. 2020ರ ಏಪ್ರಿಲ್‌ನಿಂದ ಮನೆಯಲ್ಲೇ ಕುಳಿತು ಅದನ್ನು ಬಳಸುವ ಅವಕಾಶವಿದೆ. ಮೊಬೈಲ್ ಸಂಖ್ಯೆ ನೋಂದಾಯಿಸಿ, ಓಟಿಪಿ ನೀಡಿ, ಟೋಕನ್ ಪಡೆದರೆ ವೈದ್ಯರು ಪರದೆಯ ಮೇಲೆ ಬರುತ್ತಾರೆ, ಔಷಧ ಚೀಟಿಯೂ ಮೊಬೈಲ್‌ಗೇ ಸಿಗುತ್ತದೆ. ಸ್ಮಾರ್ಟ್‌ಫೋನ್ ಇಲ್ಲದವರು ಊರಿನ ಆರೋಗ್ಯ ಕೇಂದ್ರಕ್ಕೆ ಹೋದರೆ ಅಲ್ಲಿನ ಸಿಬ್ಬಂದಿಯೇ ವೈದ್ಯರೊಂದಿಗೆ ಸಂಪರ್ಕ ಕಲ್ಪಿಸುತ್ತಾರೆ. ಈ ಬಗ್ಗೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಸಹೋದರಿಯರಿಗೆ

ಪುರುಷ ವೈದ್ಯರ ಮುಂದೆ ಹೇಳಲು ಸಂಕೋಚ ಎಂಬ ಒಂದೇ ಕಾರಣಕ್ಕೆ ತಿಂಗಳುಗಟ್ಟಲೆ ನೋವು ನುಂಗುವ ಸಹೋದರಿಯರಿದ್ದಾರೆ. ಊರಿನಲ್ಲಿ ವೈದ್ಯೆ ಇಲ್ಲದಿದ್ದರೂ ಬೇರೆ ಊರಿನ ವೈದ್ಯೆಯೊಂದಿಗೆ ವೀಡಿಯೊದಲ್ಲಿ ಮಾತನಾಡಬಹುದು. ತಾಯಿಯೋ ಪತಿಯೋ ಪಕ್ಕದಲ್ಲಿರಲಿ. ದೇಹ ಪರೀಕ್ಷೆಯೇ ಬೇಕಾದರೆ ಆಸ್ಪತ್ರೆಗೇ ಹೋಗಿ. ಅಪರಿಚಿತ ಸಂಖ್ಯೆಗಳಿಗೆ ಫೋಟೋ ಕಳುಹಿಸಬೇಡಿ. ಮನಸ್ಸಿನ ಬೇಗುದಿಗೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಿದೆ. ಕರೆ ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು.

ಕರೆಗೆ ಮುನ್ನ

ಒಂದು ವಾರದ ಸಕ್ಕರೆ ಮತ್ತು ರಕ್ತದೊತ್ತಡದ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡಿ. ಹಳೆಯ ಚೀಟಿಗಳನ್ನೂ ಎಲ್ಲ ಮಾತ್ರೆಗಳನ್ನೂ ಮುಂದಿಡಿ. ನಾಟಿ ಮದ್ದು ಸೇವಿಸುತ್ತಿದ್ದರೆ ಅದನ್ನೂ ಹೇಳಿ. ಬೆಳಕು ಮುಖದ ಮೇಲೆ ಬೀಳುವಂತೆ ಕೂರಿಸಿ, ಟಿವಿ ಆರಿಸಿ. ಕೇಳಬೇಕಾದ ಪ್ರಶ್ನೆಗಳನ್ನು ಮೊದಲೇ ಬರೆದುಕೊಳ್ಳಿ, ಉತ್ತರಗಳನ್ನೂ ಬರೆದುಕೊಳ್ಳಿ. ಮಾತ್ರೆ ತಪ್ಪಿಸಿದ್ದರೆ ಮುಚ್ಚಿಡಬೇಡಿ. ಪರದೆಯಾಚೆಗಿನ ವೈದ್ಯರಿಗೆ ನಾಡಿ ಮುಟ್ಟಿ ನೋಡಲಾಗದು, ನಿಮ್ಮ ಸತ್ಯವೇ ಅವರಿಗೆ ಆಧಾರ.

ಯಾವಾಗ ವೀಡಿಯೊ ಬೇಡ?

ಎದೆನೋವು, ಉಸಿರಾಟದ ತೊಂದರೆ, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲು ಬಲಹೀನವಾಗುವುದು, ಗರ್ಭಿಣಿಗೆ ರಕ್ತಸ್ರಾವ ಅಥವಾ ಮಗುವಿನ ಚಲನೆ ಕಡಿಮೆಯಾಗುವುದು, ಎಳೆ ಮಗು ಜ್ವರದಿಂದ ಮಂಕಾಗಿ ಹಾಲು ಕುಡಿಯದಿರುವುದು, ಪ್ರಜ್ಞೆ ತಪ್ಪುವುದು. ಇಂತಹ ವೇಳೆ ಟೋಕನ್‌ಗೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಪಾರ್ಶ್ವವಾಯುವಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಸಕ್ಕರೆ ಕಾಯಿಲೆಯವರ ಕಣ್ಣು ಮತ್ತು ಪಾದದ ಸ್ಪರ್ಶಜ್ಞಾನದ ಪರೀಕ್ಷೆಗೂ ವರ್ಷಕ್ಕೊಮ್ಮೆ ನೇರವಾಗಿಯೇ ಹೋಗಬೇಕು.

ಯುವಕರೇ, ನಿಮ್ಮ ಕೈಯಲ್ಲಿ ದಿನವಿಡೀ ಫೋನ್ ಇದೆ. ಮನೆಯ ಹಿರಿಯರಿಗೆ ಅದರ ಬಳಕೆ ತಿಳಿಯದು, ಕೇಳಲು ಅವರಿಗೆ ಸಂಕೋಚ. ಅರ್ಧ ಗಂಟೆ ಅವರ ಪಕ್ಕದಲ್ಲಿ ಕುಳಿತು ವೈದ್ಯರನ್ನು ಪರದೆಯ ಮೇಲೆ ತಂದುಕೊಡಿ, ಹೇಳಿದ್ದನ್ನು ಬರೆದುಕೊಡಿ. ನೆರೆಮನೆಯಲ್ಲಿ ಒಂಟಿಯಾಗಿರುವ ಹಿರಿಯರಿದ್ದರೆ ಅವರ ಬಳಿಗೂ ಹೋಗಿ. ಅಲ್ಲಾಹನು ನಮ್ಮ ತಂದೆತಾಯಿಯರಿಗೆ ಆರೋಗ್ಯವನ್ನು ಕರುಣಿಸಲಿ, ಅವರ ಸೇವೆಯ ಭಾಗ್ಯವನ್ನು ನಮಗೆ ನೀಡಲಿ. ಆಮೀನ್.