ಮನೆಗೆ ಬಾರದ ವೈಮಾನಿಕ

ಬನಶಂಕರಿಯ ಚಿತಾಗಾರದಿಂದ ತಂದ ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ವಿಸರ್ಜಿಸಿ ಮರಳುವಾಗ ದಕ್ಷಿಣ ಬೆಂಗಳೂರಿನ ಎಷ್ಟೋ ಗೃಹಸ್ಥರಿಗೆ ದುಃಖದ ನಡುವೆಯೂ ಒಂದು ಬಗೆಯ ಸಮಾಧಾನ ದೊರೆಯುತ್ತದೆ. ಸತ್ತವರಿಗೆ ಸಲ್ಲಬೇಕಾದುದು ಸಂದಿತೆಂಬ ಸಮಾಧಾನ. ಹಿಡಿ ಬೂದಿಯೂ ಕೈಸೇರದವರ ಪಾಡೇನು? ಅದೇ ಕಾವೇರಿ ಹುಟ್ಟುವ ಕೊಡಗಿನ ಒಂದು ಮನೆತನಕ್ಕೆ 1965ರಲ್ಲಿ ಈ ಪ್ರಶ್ನೆ ಎದುರಾಯಿತು.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರಿಗೆ ಆಗ 32 ವರ್ಷ. ಪಾಕಿಸ್ತಾನದೊಡನೆ ಯುದ್ಧ ನಡೆಯುತ್ತಿದ್ದ ಆ ವರ್ಷ ಸೆಪ್ಟೆಂಬರ್ 7ರ ನಸುಕಿನಲ್ಲಿ ಭಾರತೀಯ ವಾಯುಪಡೆಯ 1ನೆಯ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಂಜಾಬಿನ ಆದಂಪುರದಿಂದ ಹೊರಟು ಸರ್ಗೋಧದ ಪ್ರಬಲ ವಾಯುನೆಲೆಯ ಮೇಲೆರಗಿದವು. ದೇವಯ್ಯನವರು ಮೀಸಲಿನ ವೈಮಾನಿಕರು. ಯಾರದಾದರೂ ವಿಮಾನ ಹಿಂದುಳಿದರೆ ಮಾತ್ರ ಅವರ ಸರದಿ. ಸರದಿ ಬಂದಿತು, ಅವರು ಹೋದರು. ದಾಳಿ ಮುಗಿಸಿ ಒಡನಾಡಿಗಳು ಮರಳಿದಾಗ ಅವರ ವಿಮಾನ ಬರಲಿಲ್ಲ. ಏನಾಯಿತೆಂಬುದನ್ನು ಕಂಡವರು ಆ ತಂಡದಲ್ಲಿ ಒಬ್ಬರೂ ಇರಲಿಲ್ಲ. ದಾಖಲೆಯಲ್ಲಿ ಅವರು ‘ಕಾಣೆಯಾದವರು’ ಆದರು. ಎಂಥ ನಿರ್ದಯವಾದ ಪದವದು! ಮಡಿದರೆಂದು ಅಳುವಂತಿಲ್ಲ, ಬರುವರೆಂದು ನೆಚ್ಚುವಂತಿಲ್ಲ.

ಹದಿನಾಲ್ಕು ವರ್ಷ ಕಳೆದ ಬಳಿಕ ಸುದ್ದಿ ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಆ ಯುದ್ಧದಲ್ಲಿ ಪಾಕಿಸ್ತಾನದ ವಾಯುಪಡೆ ನಡೆಸಿದ ಕಾರ್ಯಾಚರಣೆಗಳನ್ನು ಕುರಿತು ಬರೆದ ಪುಸ್ತಕ 1979ರಲ್ಲಿ ಹೊರಬಂದಿತು. ಅಂದು ಸರ್ಗೋಧದಿಂದ ಮರಳುತ್ತಿದ್ದ ಒಂದು ಮಿಸ್ಟೇರನ್ನು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ತಮ್ಮ ಸ್ಟಾರ್‌ಫೈಟರಿನಲ್ಲಿ ಬೆನ್ನಟ್ಟಿದರೆಂದೂ, ಪೆಟ್ಟು ತಿಂದ ಆ ಮಿಸ್ಟೇರ್ ಓಡದೆ ತಿರುಗಿಬಿದ್ದು ಸ್ಟಾರ್‌ಫೈಟರನ್ನೇ ಉರುಳಿಸಿತೆಂದೂ ಅದರಿಂದ ತಿಳಿಯಿತು. ಶಬ್ದದ ವೇಗದ ಇಮ್ಮಡಿ ವೇಗದಲ್ಲಿ ಹಾರಬಲ್ಲದ್ದು ಸ್ಟಾರ್‌ಫೈಟರ್. ಮಿಸ್ಟೇರಿಗೆ ಅದರ ಅರ್ಧ ವೇಗವೂ ಇರಲಿಲ್ಲ. ಅಮ್ಜದ್ ಹುಸೇನ್ ಪ್ಯಾರಾಚೂಟಿನಿಂದ ಇಳಿದು ಬದುಕಿದರು. ವಿಧಿಯ ವಿನೋದವೆನ್ನಬೇಕು, 1971ರ ಡಿಸೆಂಬರಿನಲ್ಲಿ ಅಮೃತಸರದ ಬಳಿ ಅವರ ವಿಮಾನ ಮತ್ತೊಮ್ಮೆ ಬಿದ್ದು, ಅವರು ಭಾರತದ ಯುದ್ಧಕೈದಿಯಾಗಿದ್ದರು. ದೇವಯ್ಯನವರ ಕೊನೆಯ ಕಾಳಗದ ಎದುರಾಳಿ ನಮ್ಮ ಸೆರೆಯಲ್ಲಿಯೇ ಇದ್ದರು! ಅವರೂ ತಮ್ಮ ಮನೆಗೆ ಮರಳಿದರು.

ಹೀಗೆ ದೇವಯ್ಯನವರ ಗುರುತು ಹತ್ತಿದ್ದು ಎಲುಬಿನಿಂದಲ್ಲ, ಅಚ್ಚಾದ ಪುಟದಿಂದ. ದಿನ, ದಿಕ್ಕು, ವಿಮಾನದ ಜಾತಿ ಇವನ್ನು ಕೂಡಿಸಿ, ಅಂದು ಆ ಸ್ಕ್ವಾಡ್ರನ್ನಿಗೆ ಮರಳಿ ಬಾರದವರು ಯಾರೆಂದು ನೋಡಿದರೆ ಉಳಿಯುವ ಹೆಸರು ಅದೊಂದೇ. ಅಂದಿನ ದಾಳಿಯ ನಾಯಕರಾಗಿದ್ದ ಓ. ಪಿ. ತನೇಜಾ ಅವರು ಸರ್ಕಾರಕ್ಕೆ ಬರೆದರು. 1988ರಲ್ಲಿ, ಘಟನೆಯ 23 ವರ್ಷಗಳ ಬಳಿಕ, ಮಹಾವೀರ ಚಕ್ರ ಅವರ ಪತ್ನಿಯ ಕೈಸೇರಿತು.

ದೇಹ? ಪಾಕಿಸ್ತಾನದ ಪಿಂಡಿ ಭಟ್ಟಿಯಾಂ ಬಳಿಯ ಗ್ರಾಮಸ್ಥರು ಅದನ್ನು ಕಂಡು ತಮ್ಮ ಹೊಲದಲ್ಲಿ ಹುಗಿದರೆಂದು ಆ ಕಡೆಯ ವೈಮಾನಿಕ ಇತಿಹಾಸಕಾರರೇ ಬರೆದಿದ್ದಾರೆ. ಶತ್ರುವಿನ ವೈಮಾನಿಕನಿಗೆ ಆ ರೈತರು ಆರಡಿ ನೆಲ ಕೊಟ್ಟರೆಂಬುದನ್ನು ಮರೆಯಲಾಗದು. ಆದರೆ ಅದು ಇಲ್ಲಿಗೆ ಬರಲಿಲ್ಲ.

ಹಿಮವಾದರೂ ಕೆಲವೊಮ್ಮೆ ಹಿಂದಿರುಗಿಸುತ್ತದೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ನಿನ ಹಿಮದಡಿ ಹೂತುಹೋದ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿಯಲ್ಲಿ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರನೆಯ ದಿನ ಜೀವಂತವಾಗಿ ಸಿಕ್ಕಿ ದೆಹಲಿಯಲ್ಲಿ ಕೊನೆಯುಸಿರೆಳೆದರು. ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ್, ಎಚ್. ಡಿ. ಕೋಟೆ ಕಡೆಯ ಮಹೇಶ್ ಅವರ ದೇಹಗಳೂ ಊರು ಸೇರಿದವು. ಇಂದು ಹಲ್ಲು, ಕೊರಳಿನ ಸಂಖ್ಯಾಬಿಲ್ಲೆ, ತಾಯಿಯ ಕಡೆಯ ಬಂಧುಗಳ ರಕ್ತದೊಡನೆ ಹೋಲಿಸುವ ಡಿಎನ್‌ಎ ಪರೀಕ್ಷೆ ಇವುಗಳಿಂದ ಅರ್ಧಶತಮಾನದ ಹಿಂದಿನ ಎಲುಬಿಗೂ ಹೆಸರು ಕೊಡಬಹುದು. ಆದರೆ ಮೊದಲು ಎಲುಬು ಬೇಕು. ಅದಕ್ಕಾಗಿ ಗಡಿಯಾಚೆಯ ಹೊಲವನ್ನು ಅಗೆಯಬೇಕಾದರೆ ಎರಡು ಸರ್ಕಾರಗಳೂ ಒಪ್ಪಬೇಕು.

ಮಡಿಕೇರಿಯ ಒಂದು ವೃತ್ತದಲ್ಲಿ ದೇವಯ್ಯನವರ ಪ್ರತಿಮೆಯಿದೆ. ಸೆಪ್ಟೆಂಬರ್ 7 ಬಂದಾಗ ಊರವರು ಅದಕ್ಕೆ ಹೂಮಾಲೆ ಹಾಕುತ್ತಾರೆ.