ಮದುವೆ ಕ್ಯಾಸೆಟ್‌ನಿಂದ ಡಿವಿಡಿಗೆ: ಗುಣಮಟ್ಟ ಮುಖ್ಯವೋ, ಸಮಯವೋ?

ಎರಡು-ಮೂರು ದಶಕಗಳ ಹಿಂದೆ ಚಿತ್ರೀಕರಿಸಿದ ಮದುವೆ, ಉಪನಯನ, ಗೃಹಪ್ರವೇಶಗಳ ವಿಎಚ್‌ಎಸ್ ಕ್ಯಾಸೆಟ್‌ಗಳು ಇಂದಿಗೂ ಅನೇಕ ಮನೆಗಳ ಬೀರುಗಳಲ್ಲಿ ಉಳಿದಿವೆ. ಅವುಗಳಲ್ಲಿ ಕಾಣುವ ಹಿರಿಯರಲ್ಲಿ ಹಲವರು ಈಗಿಲ್ಲ. ಟೇಪು ಕಾಲಕ್ರಮೇಣ ಹಾಳಾಗುತ್ತದೆ. ಜಪಾನಿನ ಫುನೈ ಕಂಪೆನಿ 2016ರಲ್ಲಿ ವಿಸಿಆರ್ ತಯಾರಿಕೆಯನ್ನು ನಿಲ್ಲಿಸಿದ ಬಳಿಕ ಅದನ್ನು ಓಡಿಸುವ ಯಂತ್ರವೂ ಅಪರೂಪವಾಗುತ್ತಿದೆ.

ಇಂತಹ ಕ್ಯಾಸೆಟ್‌ಗಳನ್ನು ಡಿವಿಡಿಗೆ ವರ್ಗಾಯಿಸಲು ಹೊರಟವರಿಗೆ ತಂತ್ರಾಂಶವು ಸಾಮಾನ್ಯವಾಗಿ ಎರಡು ದಾರಿ ತೋರಿಸುತ್ತದೆ: ಒಂದು ಶೀಘ್ರ, ಇನ್ನೊಂದು ಉತ್ತಮ. ಯಾವುದನ್ನು ಆಯ್ದುಕೊಳ್ಳಬೇಕು ಎಂಬುದು, ಒಂದು ಡಿಸ್ಕ್‌ನಲ್ಲಿ ಎಷ್ಟು ನಿಮಿಷಗಳ ದೃಶ್ಯವನ್ನು ತುಂಬಲಾಗುತ್ತಿದೆ ಎಂಬುದನ್ನು ಅವಲಂಬಿಸಿದೆ.

ಮೊದಲು ಲೆಕ್ಕ

ಒಂದು ಪದರದ ಡಿವಿಡಿಯ ಸಾಮರ್ಥ್ಯ 4.7 ಗಿಗಾಬೈಟ್, ಅಂದರೆ ಸುಮಾರು 37,600 ಮೆಗಾಬಿಟ್. ಇದನ್ನು ಚಿತ್ರದ ಅವಧಿಯ ಸೆಕೆಂಡುಗಳಿಂದ ಭಾಗಿಸಿದರೆ ಪ್ರತಿ ಸೆಕೆಂಡಿಗೆ ದೊರೆಯುವ ಪಾಲು ಅಥವಾ ಬಿಟ್‌ರೇಟ್ ತಿಳಿಯುತ್ತದೆ. ಒಂದು ಗಂಟೆಗೆ ಇದು 10.4 ಮೆಗಾಬಿಟ್, ಎರಡು ಗಂಟೆಗೆ 5.2, ಮೂರು ಗಂಟೆಗೆ ಕೇವಲ 3.5. ಡಿವಿಡಿ ನಿಯಮದ ಪ್ರಕಾರ ದೃಶ್ಯಕ್ಕೆ ಗರಿಷ್ಠ ಮಿತಿ 9.8 ಮೆಗಾಬಿಟ್.

ಧ್ವನಿಯೂ ಇದರಲ್ಲೇ ಪಾಲು ಪಡೆಯುತ್ತದೆ. ಸಂಕುಚಿಸದ ಪಿಸಿಎಂ ಧ್ವನಿಗೆ ಸೆಕೆಂಡಿಗೆ ಸುಮಾರು 1.5 ಮೆಗಾಬಿಟ್ ಬೇಕು. ಡಾಲ್ಬಿ ಡಿಜಿಟಲ್ ವಿಧಾನದಲ್ಲಾದರೆ ಸ್ಟೀರಿಯೊ ಧ್ವನಿಗೆ 0.2 ಮೆಗಾಬಿಟ್‌ನಷ್ಟು ಸಾಕಾಗುತ್ತದೆ. ಎರಡು ಗಂಟೆಯ ಡಿಸ್ಕ್‌ನಲ್ಲಿ ಈ ಒಂದು ಬದಲಾವಣೆಯಿಂದಲೇ ದೃಶ್ಯದ ಪಾಲು 3.7ರಿಂದ 5 ಮೆಗಾಬಿಟ್‌ಗೆ ಏರುತ್ತದೆ. ಇದಕ್ಕೆ ಹೆಚ್ಚುವರಿ ಸಮಯ ತಗಲುವುದು ಅತ್ಯಲ್ಪ.

ಒಂದು ಸುತ್ತೋ, ಎರಡು ಸುತ್ತೋ?

ಡಿವಿಡಿಯಲ್ಲಿ ಬಳಕೆಯಾಗುವ ಎಂಪೆಗ್-2 ವಿಧಾನವು ಪ್ರತಿಯೊಂದು ಚೌಕಟ್ಟನ್ನೂ ಪೂರ್ಣವಾಗಿ ಬರೆದಿಡುವುದಿಲ್ಲ. ಹಿಂದಿನ ಮತ್ತು ಮುಂದಿನ ಚೌಕಟ್ಟುಗಳಿಗಿಂತ ಏನು ಬದಲಾಯಿತೋ ಅದನ್ನಷ್ಟೇ ಹೆಚ್ಚಾಗಿ ದಾಖಲಿಸುತ್ತದೆ. ಆರತಕ್ಷತೆಯಲ್ಲಿ ವಧೂವರರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವ ಬಂಧುಗಳ ದೃಶ್ಯದಲ್ಲಿ ಚಲನೆ ಕಡಿಮೆ, ಹಾಗಾಗಿ ಅಲ್ಪ ಬಿಟ್‌ಗಳೇ ಸಾಕು. ಆದರೆ ಧಾರೆಯ ವೇಳೆ ನಾಲ್ಕೂ ಕಡೆಯಿಂದ ಅಕ್ಷತೆ ಬೀಳುವಾಗ ಕ್ಷಣಕ್ಷಣಕ್ಕೂ ಚಿತ್ರ ಬದಲಾಗುತ್ತದೆ. ಬಿಟ್‌ಗಳು ಸಾಲದಿದ್ದರೆ ಅಲ್ಲಿಯೇ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ.

ಎರಡು ಸುತ್ತಿನ ಎನ್‌ಕೋಡಿಂಗ್‌ನ ಪ್ರಯೋಜನ ಇರುವುದು ಇಲ್ಲಿಯೇ. ಮೊದಲ ಸುತ್ತಿನಲ್ಲಿ ತಂತ್ರಾಂಶವು ಇಡೀ ಚಿತ್ರವನ್ನು ಪರಿಶೀಲಿಸುತ್ತದೆ. ಎರಡನೆಯ ಸುತ್ತಿನಲ್ಲಿ ಶಾಂತ ದೃಶ್ಯಗಳಿಂದ ಉಳಿಸಿದ್ದನ್ನು ಚಲನೆಯ ದೃಶ್ಯಗಳಿಗೆ ಹಂಚುತ್ತದೆ. ಇದಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು ಸಮಯ ಬೇಕು. ಎರಡು ಗಂಟೆ ಅಥವಾ ಅದಕ್ಕಿಂತ ದೀರ್ಘವಾದ ಚಿತ್ರಕ್ಕೆ ಈ ಕಾಯುವಿಕೆ ಸಾರ್ಥಕ. ಒಂದು ಗಂಟೆಯ ಚಿತ್ರವಾದರೆ ಮಿತಿಯ ಸಮೀಪದ ಬಿಟ್‌ರೇಟ್ ಆರಂಭದಿಂದ ಕೊನೆಯವರೆಗೂ ಲಭ್ಯವಿರುವುದರಿಂದ ಎರಡನೆಯ ಸುತ್ತು ಬಹುತೇಕ ವ್ಯರ್ಥ.

ಸಮಯ ಉಳಿಸುವ ಜಾಗಗಳು

ಟಿ.ವಿ.ಗಾಗಿ ಚಿತ್ರೀಕರಿಸಿದ ಹಳೆಯ ವಿಡಿಯೊದಲ್ಲಿ ಪ್ರತಿ ಚೌಕಟ್ಟೂ ಎರಡು ಅರ್ಧಗಳಾಗಿರುತ್ತದೆ. ಡಿವಿಡಿ ಇದನ್ನು ಹಾಗೆಯೇ ಸ್ವೀಕರಿಸುವುದರಿಂದ ಅವನ್ನು ಬೆಸೆಯುವ ಡಿಇಂಟರ್‌ಲೇಸ್ ಕ್ರಿಯೆ ಅನಗತ್ಯ. ಅದರಿಂದ ಚಲನೆಯ ನಯವೂ ಕುಂದಬಹುದು. ಆದರೆ ಅರ್ಧಗಳ ಕ್ರಮ ತಪ್ಪಿದರೆ ಟಿ.ವಿ.ಯಲ್ಲಿ ಚಿತ್ರ ನಡುಗುತ್ತದೆ.

ಮೂರು ಗಂಟೆಯ ಕ್ಯಾಸೆಟ್ಟನ್ನು ಒಂದೇ ಡಿಸ್ಕ್‌ಗೆ ಇಳಿಸಲೇಬೇಕಾದರೆ 720×576ರ ಬದಲು 352×576 ಗಾತ್ರವನ್ನು ಆರಿಸಬಹುದು. ಬಿಂದುಗಳ ಸಂಖ್ಯೆ ಅರ್ಧದಷ್ಟಾಗಿ ಕೆಲಸವೂ ಬೇಗ ಮುಗಿಯುತ್ತದೆ. ವಿಎಚ್‌ಎಸ್‌ನಲ್ಲಿ ಮೂಲತಃ ಅಡ್ಡಸಾಲಿನ ವಿವರ ಕಡಿಮೆ ಇರುವುದರಿಂದ ನಷ್ಟ ಹೆಚ್ಚೇನೂ ಕಾಣದು.

ಸಮಯ ವ್ಯಯಿಸಲೇಬೇಕಾದ ಜಾಗವೂ ಒಂದಿದೆ. ಹಳೆಯ ಟೇಪಿನ ಕಾಳುಕಾಳಾದ ಮಸುಕನ್ನು ಎನ್‌ಕೋಡರ್ ಚಲನೆಯೆಂದೇ ಭಾವಿಸಿ ಬಿಟ್‌ಗಳನ್ನು ಪೋಲು ಮಾಡುತ್ತದೆ. ಅದನ್ನು ಮೊದಲೇ ಹದವಾಗಿ ಶೋಧಿಸಿದರೆ ಮುಖಗಳು ಸ್ಪಷ್ಟವಾಗುತ್ತವೆ. ಅತಿಯಾಗಿ ಶೋಧಿಸಿದರೆ ಸೀರೆಯ ಜರಿಯೂ ಅಳಿಸಿಹೋದೀತು. ಆದ್ದರಿಂದ ಹೆಚ್ಚು ಚಲನೆಯಿರುವ ಒಂದು ನಿಮಿಷದ ತುಣುಕನ್ನು ಮೊದಲು ಪರೀಕ್ಷಿಸಿ, ಟಿ.ವಿ.ಯಲ್ಲಿ ನೋಡಿ, ಬಳಿಕ ಪೂರ್ಣ ಕೆಲಸಕ್ಕೆ ತೊಡಗುವುದು ಒಳಿತು.

ಮರಳಿ ಬಾರದ್ದು

2000ದ ದಶಕದ ಆರಂಭದ ಕಂಪ್ಯೂಟರ್‌ಗಳು ರಾತ್ರಿಯಿಡೀ ಮಾಡುತ್ತಿದ್ದ ಎನ್‌ಕೋಡಿಂಗ್ ಇಂದು ಬಹಳ ಬೇಗ ಮುಗಿಯುತ್ತದೆ. ಟೇಪನ್ನು ಕಂಪ್ಯೂಟರ್‌ಗೆ ಇಳಿಸುವ ಕೆಲಸಕ್ಕೆ ಮಾತ್ರ ಅಂದಿನಷ್ಟೇ ಹೊತ್ತು ಬೇಕು: ಮೂರು ಗಂಟೆಯ ಕ್ಯಾಸೆಟ್‌ಗೆ ಮೂರು ಗಂಟೆ. ಎನ್‌ಕೋಡಿಂಗ್ ತೃಪ್ತಿ ತರದಿದ್ದರೆ ಮತ್ತೆ ಮಾಡಬಹುದು, ಆದರೆ ಸವೆದ ಟೇಪು ಇನ್ನೊಮ್ಮೆ ಓಡೀತೆಂಬ ಭರವಸೆಯಿಲ್ಲ. ಸಂಕೋಚನದಲ್ಲಿ ಕಳೆದುಹೋದ ವಿವರವೂ ಡಿವಿಡಿಯಿಂದ ಮರಳಿ ದೊರೆಯದು.

ಹೀಗಾಗಿ ಟೇಪಿನಿಂದ ಇಳಿಸಿಕೊಂಡ ಮೂಲ ಕಡತವನ್ನು, ಡಿವಿ ರೂಪದಲ್ಲಿ ಗಂಟೆಗೆ ಸುಮಾರು 13 ಗಿಗಾಬೈಟ್ ಜಾಗ ಹಿಡಿದರೂ, ಹಾರ್ಡ್‌ಡಿಸ್ಕ್‌ನಲ್ಲಿ ಉಳಿಸಿಕೊಳ್ಳುವುದು ವಿವೇಕ. ಡಿವಿಡಿ ಬಂಧುಗಳಿಗೆ ಹಂಚುವ ಪ್ರತಿಯಾಗಿರಲಿ. ಮನೆಯ ನೆನಪಿಗೆ ಅದೊಂದೇ ಆಧಾರವಾಗದಿರಲಿ.